ಅಕ್ವೇರಿಯಂನಲ್ಲಿ ನೀರಾಡದ ಮೂಲೆ ಉಳಿಯದಂತೆ ಪೈಪು ಜೋಡಿಸುವ ಕ್ರಮ

ದೊಡ್ಡ ಪಂಪು ತಂದು ಹಾಕಿದ ಮೇಲೂ ಹಿಂದಿನ ಮೂಲೆಯಲ್ಲಿ ರಾಡಿ ಕೂರುತ್ತದೆ. ಬೆಳಗಾಗುವಷ್ಟರಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿರುತ್ತವೆ. ಪಂಪಿನ ಎದುರಿಗಿರುವ ಗಿಡಗಳು ಮಾತ್ರ ನೆಲಕ್ಕೆ ಮಲಗಿರುತ್ತವೆ. ಈ ಮೂರೂ ದೂರುಗಳು ಬಹುತೇಕ ಒಂದೇ ತೊಟ್ಟಿಯಿಂದ ಬರುತ್ತವೆ. ನೀರು ಎಲ್ಲಿಂದ ಹೊರಡಬೇಕು, ಎಲ್ಲಿ ತಿರುಗಬೇಕು, ಎಲ್ಲಿ ಮತ್ತೆ ಪಂಪಿಗೆ ಸೇರಬೇಕು ಎಂದು ಯೋಚಿಸುವ ಮೊದಲೇ ಪಂಪು ಕೊಂಡಾಗಿರುತ್ತದೆ. ಒಂದೇ ಬಾಯಿಯಿಂದ ಜೋರಾಗಿ ಚಿಮ್ಮಿದ ನೀರು ಎದುರಿನ ಗಾಜಿಗೆ ಬಡಿದು ಅಲ್ಲಿಯೇ ಸುತ್ತುತ್ತದೆ. ಕಲ್ಲಿನ ಹಿಂದೆ ಅದು ಹೋಗುವುದೇ ಇಲ್ಲ. ಪಂಪಿನ ವ್ಯಾಟ್ ಹೆಚ್ಚಿಸಿದರೆ ಬಡಿತ ಹೆಚ್ಚುತ್ತದೆ, ಮೂಲೆ ಹಾಗೆಯೇ ಉಳಿಯುತ್ತದೆ.

ಇಲ್ಲಿ ಹೇಳುವ ಜೋಡಣೆ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಸಿಹಿನೀರಿನ ತೊಟ್ಟಿಗೆ. ಎಲ್ಲ ಪೈಪೂ ನೀರಿನೊಳಗೇ ಇರುತ್ತದೆ. ಗಾಜು ಕೊರೆಯುವುದಿಲ್ಲ, ಕೀಲು ಸೋರಿದರೂ ತೊಟ್ಟಿಯೊಳಗೇ ಸೋರುತ್ತದೆ. ಮೊದಲ ಸಲ ಕೈ ಹಾಕುವವರು ಇದರಿಂದಲೇ ಶುರು ಮಾಡಲಿ. ಬೇರೆ ಅಳತೆಯ ತೊಟ್ಟಿಗೆ ಲೆಕ್ಕ ಹಾಕುವ ದಾರಿಯನ್ನೂ ಕೊಟ್ಟಿದ್ದೇನೆ.

ನಿಮ್ಮಲ್ಲಿರುವುದು ಬೆಟ್ಟಾ, ಗುರಾಮಿ ಅಥವಾ ಉದ್ದ ರೆಕ್ಕೆಯ ಗೋಲ್ಡ್‌ಫಿಶ್ ಆಗಿದ್ದರೆ ಹರಿವು ಮಂದವಾಗಿಯೇ ಇರಬೇಕು. ಕೆಳಗಿನ ಲೆಕ್ಕದ ಅರ್ಧ ಸಾಕು. ಪಶ್ಚಿಮ ಘಟ್ಟದ ತೊರೆಗಳ ಮೀನುಗಳಿದ್ದರೆ, ಉದಾಹರಣೆಗೆ ಡೆನಿಸನ್ ಬಾರ್ಬ್ ಅಥವಾ ಕಲ್ಲಿಗೆ ಅಂಟಿ ಬದುಕುವ ಲೋಚ್, ಲೆಕ್ಕಕ್ಕಿಂತ ಹೆಚ್ಚು ಕೊಟ್ಟರೂ ಅವು ಖುಷಿಯಾಗಿರುತ್ತವೆ.

ಹಂತ 1: ನೀರಾಡದ ಜಾಗ ಪತ್ತೆ ಮಾಡಿ

ಈ ಹಂತವನ್ನು ಬಿಟ್ಟು ಮುಂದಕ್ಕೆ ಹಾರುವವರೇ ಹೆಚ್ಚು. ಬೇಕಾಗುವುದು ಸೂಜಿಯಿಲ್ಲದ 10 ಮಿ.ಲೀ. ಸಿರಿಂಜ್ ಮತ್ತು ಅದರ ಮೂತಿಗೆ ಸಿಕ್ಕಿಸಿದ ಎರಡು ಅಡಿ ಏರ್ ಟ್ಯೂಬ್.

ಫಿಲ್ಟರಿನ ಸ್ಪಂಜನ್ನು ತೊಟ್ಟಿಯದೇ ನೀರಿರುವ ಮಗ್ಗಿನಲ್ಲಿ ಒಮ್ಮೆ ಹಿಂಡಿ. ಬರುವ ಕಂದು ನೀರನ್ನು ಸಿರಿಂಜಿಗೆ ಎಳೆದುಕೊಳ್ಳಿ. ಟ್ಯೂಬಿನ ತುದಿಯನ್ನು ಜಲ್ಲಿಯಿಂದ ಎರಡು ಬೆರಳು ಮೇಲೆ ಹಿಡಿದು, ಒಂದೆರಡು ಮಿ.ಲೀ. ಮಾತ್ರ ಮೆಲ್ಲಗೆ ಬಿಡಿ. ಕಂದು ಮೋಡ ತಕ್ಷಣ ಒಂದು ಕಡೆಗೆ ಎಳೆದುಕೊಂಡು ಹೋದರೆ ಅಲ್ಲಿ ಹರಿವು ಇದೆ. ಅರ್ಧ ನಿಮಿಷವಾದರೂ ಉಂಡೆಯಾಗಿಯೇ ನಿಂತು, ನಿಧಾನವಾಗಿ ಜಲ್ಲಿಯ ಮೇಲೆ ಇಳಿದರೆ ಅದು ನೀರಾಡದ ಜಾಗ. ನಾಲ್ಕು ಮೂಲೆಗಳು, ಕಲ್ಲು ಮತ್ತು ಮರದ ತುಂಡಿನ ಹಿಂಬದಿ, ಗಿಡಗಳ ಬುಡ, ಇಷ್ಟನ್ನೂ ನೋಡಿ. ಒಂದು ಹಾಳೆಯ ಮೇಲೆ ತೊಟ್ಟಿಯ ಚೌಕ ಬರೆದು, ಮೋಡ ಹೋದ ದಿಕ್ಕಿಗೆ ಬಾಣದ ಗುರುತು, ನಿಂತ ಕಡೆ ಸೊನ್ನೆ ಹಾಕಿ.

ಸಿರಿಂಜ್ ಹಿಡಿಯುವ ಮೊದಲೇ ತೊಟ್ಟಿ ಕೆಲವು ಸೂಚನೆ ಕೊಟ್ಟಿರುತ್ತದೆ. ಮೇಲ್ಮೈಯಲ್ಲಿ ಎಣ್ಣೆಯಂಥ ಪೊರೆ, ಜಲ್ಲಿಯ ಮೇಲೆ ಹಾಳೆಯಂತೆ ಎದ್ದು ಬರುವ ನೀಲಿಹಸಿರು ಲೋಳೆ, ಒಂದೇ ಜಾಗದಲ್ಲಿ ಮತ್ತೆ ಮತ್ತೆ ಗುಡ್ಡೆಯಾಗುವ ಮೀನಿನ ಹಿಕ್ಕೆ ಇವು ಮುಖ್ಯವಾದವು. ಜಲ್ಲಿಯನ್ನು ಕೆದಕಿದಾಗ ಕಪ್ಪು ಪದರ ಕಂಡು ಕೊಳೆತ ಮೊಟ್ಟೆಯ ವಾಸನೆಯ ಗುಳ್ಳೆ ಎದ್ದರೆ ಪೈಪಿನ ಕೆಲಸ ಅಲ್ಲಿಗೇ ನಿಲ್ಲಿಸಿ. ಅದು ಹೈಡ್ರೋಜನ್ ಸಲ್ಫೈಡ್, ಮೀನಿಗೆ ವಿಷ. ಒಂದೇ ದಿನ ಎಲ್ಲ ಕೆದಕದೆ, ದಿನಕ್ಕೆ ಅಂಗೈಯಗಲ ಜಾಗವನ್ನು ಸೈಫನ್ ಟ್ಯೂಬಿನಿಂದ ಹೊರಗೆಳೆದು ಚೊಕ್ಕ ಮಾಡಿಕೊಂಡ ನಂತರ ಮುಂದುವರಿಯಿರಿ.

ಹಂತ 2: ನೀರಿನ ದಾರಿ ಬರೆಯಿರಿ

ನೀರು ಬಾವಿಯ ರಾಟೆಯಂತೆ ತಿರುಗಬೇಕು: ಮೇಲ್ಮೈಯಲ್ಲಿ ಎಡದಿಂದ ಬಲಕ್ಕೆ ಹೋಗಿ, ಬಲಗಡೆಯ ಗಾಜಿನಲ್ಲಿ ಕೆಳಗಿಳಿದು, ಜಲ್ಲಿಯ ಮೇಲೆ ಬಲದಿಂದ ಎಡಕ್ಕೆ ಮರಳಿ ಪಂಪಿಗೆ ಸೇರಬೇಕು. ಅಂದರೆ ನೀರು ಹೀರುವ ಬಾಯಿಯೂ ನೀರು ಬಿಡುವ ಪೈಪೂ ತೊಟ್ಟಿಯ ಒಂದೇ ತುದಿಯಲ್ಲಿರುತ್ತವೆ, ಒಂದು ಕೆಳಗೆ, ಇನ್ನೊಂದು ಮೇಲೆ. ಅನೇಕರು ಇವೆರಡನ್ನೂ ಎದುರುಬದುರು ಇಡುತ್ತಾರೆ. ಮೂರಡಿ ತೊಟ್ಟಿಯಲ್ಲಿ ಹಾಗೆ ಮಾಡಿದರೆ ಮೇಲಿನ ನೀರು ನೇರವಾಗಿ ಎದುರು ತುದಿಯ ಪಂಪಿಗೆ ಹೋಗಿಬಿಡುತ್ತದೆ. ಕೆಳಗಿನ ಎಡ ಅರ್ಧ ತಟಸ್ಥವಾಗಿ ಉಳಿಯುತ್ತದೆ.

ಈ ಸುತ್ತಿಗೆ ಕಲ್ಲು ಅಥವಾ ಮರದ ತುಂಡು ಅಡ್ಡ ಬಂದಿರುವ ಕಡೆಗೆ ಒಂದು ಕವಲು ಬೇಕು. ಹಿಂದಿನ ಗಾಜಿಗೆ ಒರಗಿ, ಅಡ್ಡಲಾಗಿ ಹೋಗುವ ಒಂದು ಪೈಪು. ಅದರಲ್ಲಿ ನಾಲ್ಕೇ ತೂತು, ಮುಂದಿನ ಗಾಜಿನ ಕಡೆಗೆ ಮುಖ ಮಾಡಿ. ಅದರ ಕೆಲಸ ಕಲ್ಲಿನ ಹಿಂದಿನ ರಾಡಿಯನ್ನು ಬಯಲಿಗೆ ತಳ್ಳುವುದಷ್ಟೇ. ಮುಂದಕ್ಕೆ ಒಯ್ಯುವ ಕೆಲಸವನ್ನು ದೊಡ್ಡ ಸುತ್ತು ನೋಡಿಕೊಳ್ಳುತ್ತದೆ.

ನಿಮ್ಮ ಹಾಳೆಯ ಮೇಲಿನ ಸೊನ್ನೆಗಳೆಲ್ಲ ಈ ಎರಡರಲ್ಲಿ ಒಂದರ ದಾರಿಗೆ ಬೀಳುತ್ತವೆಯೇ ನೋಡಿ. ಬೀಳದಿದ್ದರೆ ಪೈಪು ಸೇರಿಸುವ ಮೊದಲು ಕಲ್ಲನ್ನು ಗಾಜಿನಿಂದ ನಾಲ್ಕು ಬೆರಳು ಮುಂದಕ್ಕೆ ಸರಿಸಿ. ಎಷ್ಟೋ ತೊಟ್ಟಿಗಳಲ್ಲಿ ಇಷ್ಟಕ್ಕೇ ಅರ್ಧ ಸಮಸ್ಯೆ ಮುಗಿಯುತ್ತದೆ.

ಹಂತ 3: ಪಂಪಿನ ಲೆಕ್ಕ

3 × 1.5 × 1.5 ಅಡಿ ಎಂದರೆ 6.75 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್‌ನಂತೆ 191 ಲೀಟರ್. ಮೇಲೆ ಬಿಟ್ಟ ಜಾಗ, ಜಲ್ಲಿ, ಕಲ್ಲು ಕಳೆದರೆ ನಿಜವಾದ ನೀರು ಸುಮಾರು 160 ಲೀಟರ್. ಸಾಧಾರಣ ಮಿಶ್ರ ಮೀನುಗಳ ತೊಟ್ಟಿಯ ನೀರು ಗಂಟೆಗೆ ಐದು ಸಲ ಪಂಪಿನ ಮೂಲಕ ಹಾದುಹೋದರೆ ಒಳ್ಳೆಯದು. ಹಾಗಾದರೆ ಗಂಟೆಗೆ 800 ಲೀಟರ್ ಬೇಕು.

ಡಬ್ಬದ ಮೇಲಿನ ಸಂಖ್ಯೆ ಯಾವ ಪೈಪೂ ಇಲ್ಲದ ಬರಿಯ ಪಂಪಿನದು. ಸ್ಪಂಜು, ಎಲ್ಬೋ (ಪೈಪನ್ನು ತಿರುಗಿಸುವ ಮೊಣಕೈ ತುಂಡು), ಸಣ್ಣ ತೂತುಗಳು ಅದರಲ್ಲಿ ಒಂದು ಪಾಲನ್ನು ನುಂಗುತ್ತವೆ. ಆದ್ದರಿಂದ 1000ದಿಂದ 1200 ಲೀಟರ್ ಎಂದು ಬರೆದಿರುವ ಪಂಪು ತೆಗೆದುಕೊಳ್ಳಿ.

ಎತ್ತರದ ಲೆಕ್ಕದಲ್ಲಿ ಬಹಳ ಮಂದಿ ಎಡವುತ್ತಾರೆ. ಪಂಪು ತಳದಲ್ಲಿದೆ, ಪೈಪು ಒಂದೂವರೆ ಅಡಿ ಮೇಲಿದೆ, ಹಾಗಾಗಿ ಒಂದೂವರೆ ಅಡಿಯ ಹೆಡ್ (ಪಂಪು ನೀರೆತ್ತುವ ಎತ್ತರ) ಕಳೆಯಬೇಕು ಎಂದು ಭಾವಿಸುತ್ತಾರೆ. ಪಂಪು ನೀರನ್ನು ಎತ್ತಬೇಕಾದ ಎತ್ತರವನ್ನು ತೊಟ್ಟಿಯ ನೀರಿನ ಮಟ್ಟದಿಂದ ಅಳೆಯಬೇಕು, ಪಂಪು ಕುಳಿತ ಜಾಗದಿಂದ ಅಲ್ಲ. ಪೈಪಿನ ಬಾಯಿ ನೀರಿನೊಳಗೇ ಇರುವಾಗ ಆ ಎತ್ತರ ಸೊನ್ನೆ. ಇಲ್ಲಿ ನಷ್ಟವೆಲ್ಲ ತಿರುವು ಮತ್ತು ತೂತುಗಳಲ್ಲಿ. ಅದಕ್ಕೇ ಎಲ್ಬೋಗಳನ್ನು ಜಿಪುಣತನದಿಂದ ಬಳಸಿ.

ಹಂತ 4: ಸಾಮಾನು

ಹಾರ್ಡ್‌ವೇರ್ ಅಂಗಡಿಯಿಂದ: ಅರ್ಧ ಇಂಚಿನ ಬಿಳಿ ಯುಪಿವಿಸಿ ಪ್ಲಂಬಿಂಗ್ ಪೈಪು ಒಂದು ಉದ್ದ, ಎಲ್ಬೋ ಒಂದು, ಕವಲೊಡೆಯುವ ಮೂರು ಬಾಯಿಯ ಟೀ ಒಂದು, ಎಂಡ್ ಕ್ಯಾಪ್ ಎರಡು, ಪ್ಲಾಸ್ಟಿಕ್ ಬಾಲ್ ವಾಲ್ವ್ ಒಂದು, ಪ್ಲಾಸ್ಟಿಕ್ ಹೋಸ್ ನಿಪ್ಪಲ್ ಒಂದು, ಟೆಫ್ಲಾನ್ ಟೇಪು. ಪಂಪಿನಲ್ಲಿ ಹರಿವು ತಗ್ಗಿಸುವ ತಿರುಪು ಇಲ್ಲದಿದ್ದರೆ ಬಾಲ್ ವಾಲ್ವ್ ಎರಡು ತನ್ನಿ. ಪಂಪಿನ ಬಾಯಿಗೆ ಹೊಂದುವ ಪಾರದರ್ಶಕ ಹೋಸ್ ಒಂದು ಗೇಣು ಸಾಕು. ಮೀನಿನ ಅಂಗಡಿಯಿಂದ ಕ್ಲಿಪ್ ಇರುವ ಸಕ್ಷನ್ ಕಪ್ ಐದಾರು ಮತ್ತು ಒರಟು ಸ್ಪಂಜು. ಉಪಕರಣಗಳು: ಹ್ಯಾಕ್ಸಾ, ಮರಳು ಕಾಗದ, ಡ್ರಿಲ್ಲಿಂಗ್ ಮೆಷಿನ್, 2.5 ಮತ್ತು 3 ಮಿ.ಮೀ. ಬಿಟ್, ಅಳತೆ ಟೇಪು, ಮಾರ್ಕರ್.

ಪೈಪಿನ ಮೇಲಿನ ಮುದ್ರೆ ಓದದೆ ದುಡ್ಡು ಕೊಡಬೇಡಿ. ಕುಡಿಯುವ ನೀರಿನ ಯುಪಿವಿಸಿ ಪೈಪಿನ ಮೇಲೆ ಐಎಸ್ 4985 ಅಥವಾ ಎಎಸ್‌ಟಿಎಂ ಡಿ 1785 ಎಂದೂ, ಸಿಪಿವಿಸಿ ಆದರೆ ಐಎಸ್ 15778 ಎಂದೂ ಇರುತ್ತದೆ. ಸೀಸರಹಿತ ಎಂದು ಬರೆದಿರುವುದನ್ನೇ ಕೇಳಿ. ಗೋಡೆಯೊಳಗೆ ವಿದ್ಯುತ್ ತಂತಿ ಎಳೆಯುವ ಕಂಡ್ಯೂಟ್ ಪೈಪು ಅಗ್ಗ, ಕೊಯ್ಯಲೂ ಸುಲಭ; ಆದರೆ ಅದನ್ನು ನೀರಿಗಾಗಿ ಮಾಡಿಲ್ಲ. ಹಿತ್ತಾಳೆಯ ನಿಪ್ಪಲ್, ಜಿಐ (ಸತು ಲೇಪಿಸಿದ ಕಬ್ಬಿಣ) ತುಂಡು ಬೇಡವೇ ಬೇಡ. ಅವುಗಳಿಂದ ಬಿಡುವ ತಾಮ್ರ ಮತ್ತು ಸತು ಸಿಗಡಿ, ಬಸವನಹುಳುಗಳನ್ನು ಮೊದಲು ಕೊಲ್ಲುತ್ತವೆ.

ಇನ್ನೊಂದು ಮಾತು. ಎಲ್ಲ ಅರ್ಧ ಇಂಚೂ ಒಂದೇ ಅಲ್ಲ. ಷೆಡ್ಯೂಲ್ ಎಂದರೆ ಪೈಪಿನ ಗೋಡೆಯ ದಪ್ಪದ ದರ್ಜೆ. ಷೆಡ್ಯೂಲ್ 40 ಯುಪಿವಿಸಿಯ ಒಳವ್ಯಾಸ ಸುಮಾರು 15.8 ಮಿ.ಮೀ., ಷೆಡ್ಯೂಲ್ 80ರದು ಸುಮಾರು 14, ಅರ್ಧ ಇಂಚಿನ ಸಿಪಿವಿಸಿಯದು ಇನ್ನೂ ಕಿರಿದು, 12 ಮಿ.ಮೀ. ಆಸುಪಾಸು. ಕೊಂಡ ತುಂಡಿನ ಒಳಬಾಯಿಯನ್ನು ನೀವೇ ಅಳೆದು ಬರೆದಿಟ್ಟುಕೊಳ್ಳಿ. ಹಂತ 6ರಲ್ಲಿ ಬೇಕಾಗುತ್ತದೆ.

ಹಂತ 5: ಅಳೆದು ಕೊಯ್ಯಿರಿ

ಪಂಪು ಎಡ ಹಿಂದಿನ ಮೂಲೆಯಲ್ಲಿ. ಅದರ ಮೇಲಿಂದ ನಿಲುಪೈಪು ನೇರವಾಗಿ ಮೇಲಕ್ಕೆ. ಜಲ್ಲಿಯಿಂದ ಒಂದು ಗೇಣು ಮೇಲೆ ಟೀ. ಅದರ ಪಕ್ಕದ ಬಾಯಿಗೆ ಬಾಲ್ ವಾಲ್ವ್, ಅಲ್ಲಿಂದ ಹಿಂದಿನ ಗಾಜಿನುದ್ದಕ್ಕೂ ಕವಲು ಪೈಪು, ತುದಿಗೆ ಕ್ಯಾಪ್. ಟೀ ಮೇಲಿರುವುದರಿಂದ ಕವಲೂ ಆ ಎತ್ತರದಲ್ಲೇ ಹೋಗುತ್ತದೆ. ಕಲ್ಲು ಕುಳ್ಳಾಗಿದ್ದರೆ ಪಂಪಿನ ಬಾಯಿಗೆ ಎಷ್ಟು ಹತ್ತಿರ ಸಾಧ್ಯವೋ ಅಷ್ಟು ಕೆಳಗೆ ಟೀ ಕೂರಿಸಿ. ನಿಲುಪೈಪಿನ ತಲೆಗೆ ಎಲ್ಬೋ, ಅದರಿಂದ ಎಡ ಗಾಜಿಗೆ ಸಮಾನಾಂತರವಾಗಿ ಮುಂದಕ್ಕೆ ಬರುವ, ಸಾಲಾಗಿ ತೂತುಗಳಿರುವ ಸ್ಪ್ರೇ ಪೈಪು, ತುದಿಗೆ ಕ್ಯಾಪ್.

ಅಳತೆಯನ್ನು ತೊಟ್ಟಿಯ ಒಳಗಿನಿಂದ ತೆಗೆದುಕೊಳ್ಳಿ. ಒಂದೂವರೆ ಅಡಿ ಅಗಲದ ತೊಟ್ಟಿಯ ಒಳ ಅಗಲ 44 ಸೆಂ.ಮೀ. ಸುತ್ತಮುತ್ತ ಇರುತ್ತದೆ. ಎಲ್ಬೋ ಮತ್ತು ಕ್ಯಾಪ್ ಹಿಡಿಯುವ ಜಾಗ ಸುಮಾರು 7 ಸೆಂ.ಮೀ., ಕೈಯಾಡಿಸಲು 3 ಸೆಂ.ಮೀ. ಕಳೆದರೆ ಹೊರಗೆ ಕಾಣುವ ಪೈಪು 34 ಸೆಂ.ಮೀ. ಆದರೆ ಕೊಯ್ಯಬೇಕಾದ್ದು 38. ಏಕೆಂದರೆ ಎರಡೂ ತುದಿಗಳಲ್ಲಿ 2 ಸೆಂ.ಮೀ.ಯಷ್ಟು ಫಿಟ್ಟಿಂಗಿನೊಳಗೆ ಹೋಗುತ್ತದೆ. ಇದನ್ನು ಮರೆತು ಗಿಡ್ಡ ಕೊಯ್ದ ಪೈಪಿನ ತುಂಡುಗಳು ಎಷ್ಟು ಮನೆಗಳ ಅಟ್ಟದಲ್ಲಿ ಬಿದ್ದಿವೆಯೋ!

ಕೊಯ್ಯುವ ಗೆರೆಯ ಮೇಲೆ ಟೇಪು ಸುತ್ತಿ, ಅದರ ಅಂಚಿಗೆ ಹ್ಯಾಕ್ಸಾ ಇಟ್ಟರೆ ಕೊಯ್ತ ಓರೆಯಾಗುವುದಿಲ್ಲ. ಒಳ ಅಂಚಿನ ಜುಂಗನ್ನು ಮರಳು ಕಾಗದದಿಂದ ಪೂರ್ತಿ ತೆಗೆಯಿರಿ. ಉಳಿದ ಜುಂಗು ಒಂದು ವಾರದಲ್ಲಿ ತೂತಿಗೆ ಬಂದು ಸಿಕ್ಕಿಕೊಳ್ಳುತ್ತದೆ.

ಹಂತ 6: ತೂತುಗಳು

ತೂತುಗಳ ಒಟ್ಟು ವಿಸ್ತೀರ್ಣ ಪೈಪಿನ ಒಳಬಾಯಿಗಿಂತ ಕಡಿಮೆ ಇರಬೇಕು. ಹೆಚ್ಚಾದರೆ ಪೈಪಿನಲ್ಲಿ ಒತ್ತಡವೇ ನಿಲ್ಲದೆ, ಒಂದು ತುದಿಯಲ್ಲಿ ನೀರು ಸುರಿದು ಇನ್ನೊಂದರಲ್ಲಿ ಜಿನುಗುತ್ತದೆ. ತೀರಾ ಕಡಿಮೆಯಾದರೆ ಪಂಪು ಉಸಿರು ಕಟ್ಟಿಕೊಂಡು ಹರಿವು ಕುಸಿಯುತ್ತದೆ. ಮುಕ್ಕಾಲು ಪಾಲು ಇಟ್ಟುಕೊಳ್ಳಿ.

ಲೆಕ್ಕ ಸುಲಭ. ಒಳವ್ಯಾಸವನ್ನು ತೂತಿನ ವ್ಯಾಸದಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಅದರ ಮುಕ್ಕಾಲು ತೆಗೆದುಕೊಳ್ಳಿ. 15.8 ಮಿ.ಮೀ. ಪೈಪಿಗೆ 3 ಮಿ.ಮೀ. ತೂತಾದರೆ 21 ತೂತು. 14 ಮಿ.ಮೀ. ಪೈಪಿಗೆ 16. ಈ ಸಂಖ್ಯೆಯಲ್ಲಿ ಕವಲಿನ ತೂತುಗಳೂ ಸೇರಿವೆ. ನಮ್ಮ ಉದಾಹರಣೆಯಲ್ಲಿ ಸ್ಪ್ರೇ ಪೈಪಿಗೆ 17, ಕವಲಿಗೆ 4. ಎರಡೆರಡು ಸೆಂ.ಮೀ. ಅಂತರದಲ್ಲಿ 17 ತೂತು ಎಂದರೆ 32 ಸೆಂ.ಮೀ.; ಕಾಣುವ 34ರೊಳಗೆ ಎರಡೂ ಕಡೆ ಒಂದೊಂದು ಬಿಟ್ಟು ಸರಿಯಾಗಿ ಕೂರುತ್ತದೆ.

ದುಂಡನೆಯ ಪೈಪಿನ ಮೇಲೆ ನೇರ ಗೆರೆ ಎಳೆಯುವುದು ಕಷ್ಟ. ಕಂಪನಿಯ ಮುದ್ರೆಯ ಸಾಲು ಪೈಪಿನುದ್ದಕ್ಕೂ ನೇರವಾಗಿರುತ್ತದೆ. ಅದನ್ನೇ ಗೆರೆಯೆಂದು ಹಿಡಿಯಿರಿ. ಪ್ರತಿ ಗುರುತಿಗೂ ಮೊಳೆಯಿಂದ ಒಂದು ಚುಕ್ಕೆ ಕುಟ್ಟಿಕೊಂಡರೆ ಬಿಟ್ ಜಾರುವುದಿಲ್ಲ. ಮೊದಲು ಎಲ್ಲವನ್ನೂ 2.5ರ ಬಿಟ್‌ನಲ್ಲಿ ಕೊರೆಯಿರಿ. ನೀರು ಬಿಟ್ಟು ನೋಡಿ, ಬೇಕಾದರೆ 3ಕ್ಕೆ ಹಿಗ್ಗಿಸಿ. ಹಿಗ್ಗಿಸಿದ ತೂತನ್ನು ಕುಗ್ಗಿಸುವ ವಿದ್ಯೆ ಯಾರಿಗೂ ಬಂದಿಲ್ಲ.

ಹಂತ 7: ಅಂಟಿಲ್ಲದೆ ಜೋಡಿಸಿ, ಟಬ್ಬಿನಲ್ಲಿ ಪರೀಕ್ಷಿಸಿ

ಯುಪಿವಿಸಿ ಫಿಟ್ಟಿಂಗುಗಳನ್ನು ಒತ್ತಿ ತಿರುಚಿದರೆ ಬಿಗಿಯಾಗಿ ಕೂರುತ್ತವೆ. ನೀರಿನೊಳಗಿನ ಕೀಲಿಗೆ ಸಾಲ್ವೆಂಟ್ ಸಿಮೆಂಟ್ (ಪೈಪಿನ ಅಂಟು) ಬೇಕಿಲ್ಲ. ಎರಡು ಹನಿ ಸೋರಿದರೆ ಏನೂ ಕೆಡುವುದಿಲ್ಲ, ತೊಳೆಯಲು ಬಿಚ್ಚಬೇಕಾದಾಗ ಬಿಚ್ಚಬಹುದು, ಸ್ಪ್ರೇ ಪೈಪನ್ನು ತಿರುಗಿಸಿ ಕೋನ ಬದಲಿಸಬಹುದು. ಕೀಲು ತೀರಾ ಸಡಿಲವಿದ್ದರೆ ಟೆಫ್ಲಾನ್ ಟೇಪು ಎರಡು ಸುತ್ತು ಸುತ್ತಿ.

ಎಲ್ಲ ತುಂಡುಗಳನ್ನೂ ಸೋಪು ಮುಟ್ಟಿಸದೆ ತೊಳೆದು, ಒಂದು ದಿನ ನೀರಿನಲ್ಲಿ ನೆನೆಸಿ ಆ ನೀರನ್ನು ಚೆಲ್ಲಿ. ನಂತರ ದೊಡ್ಡ ಟಬ್ಬಿನಲ್ಲಿ ಪಂಪಿಗೆ ಜೋಡಿಸಿ ಓಡಿಸಿ. ಪಂಪು ನೀರಿನಲ್ಲಿ ಪೂರ್ತಿ ಮುಳುಗಿರಲಿ. ಒಣಗಿ ಓಡಿದರೆ ಕೆಡುತ್ತದೆ. ಸ್ಪ್ರೇ ಪೈಪನ್ನು ಟಬ್ಬಿನ ನೀರಿನ ಮಟ್ಟಕ್ಕೆ ಹಿಡಿದು ನೋಡಿದಾಗ ಎಲ್ಲ ತೂತುಗಳಿಂದಲೂ ನೀರು ಹೆಚ್ಚುಕಡಿಮೆ ಒಂದೇ ದೂರ ಚಿಮ್ಮಬೇಕು. ಹರಿವನ್ನು ಅಳೆಯಲು ಕವಲನ್ನು ಮುಚ್ಚಿ, ಚಿಮ್ಮುವ ನೀರನ್ನೆಲ್ಲ 10 ಲೀಟರ್ ಬಕೆಟ್ಟಿಗೆ ಹಿಡಿಯಿರಿ. 45 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 800 ಲೀಟರ್.

ಹಂತ 8: ತೊಟ್ಟಿಗೆ ಇಳಿಸಿ

ಕ್ರಮ ತಪ್ಪಿಸಬೇಡಿ. ಮೊದಲು ಎಲ್ಲ ಸ್ವಿಚ್ ಆರಿಸಿ, ಪ್ಲಗ್ ಕಿತ್ತಿಡಿ. ನಂತರ ನೀರಾಡದ ಜಾಗಗಳಲ್ಲಿ ಕೂತ ರಾಡಿಯನ್ನು ಸೈಫನ್‌ನಿಂದ ಹೊರಗೆಳೆಯಿರಿ, ಕಾಲು ಭಾಗ ನೀರು ಬದಲಿಸಿ. ರಾಡಿ ತೆಗೆಯದೆ ಹೊಸ ಹರಿವು ಶುರು ಮಾಡಿದರೆ ತಿಂಗಳುಗಟ್ಟಲೆ ಕೂತ ಕೊಳೆಯೆಲ್ಲ ಒಂದೇ ಗಳಿಗೆಯಲ್ಲಿ ಮೇಲೆದ್ದು ಮೀನಿನ ಕಿವಿರು ಸೇರುತ್ತದೆ. ಅದೇ ದಿನ ಹಳೆಯ ಫಿಲ್ಟರಿನ ಸ್ಪಂಜನ್ನು ಬದಲಿಸಬೇಡಿ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಅದರಲ್ಲೇ ಇವೆ.

ಸ್ಪ್ರೇ ಪೈಪು ನೀರಿನ ಮಟ್ಟಕ್ಕಿಂತ 2–3 ಸೆಂ.ಮೀ. ಕೆಳಗಿರಲಿ, ತೂತುಗಳು ಅಡ್ಡಕ್ಕೆ ನೋಡುತ್ತ ಒಂದಿಷ್ಟು ಮೇಲ್ಮುಖವಾಗಿರಲಿ. ನೀರಿನ ಮೈ ನಡುಗಬೇಕು, ಕುದಿಯಬಾರದು. ಪಂಪಿನ ಹೀರುಬಾಯಿಗೆ ಒರಟು ಸ್ಪಂಜು ಕಡ್ಡಾಯ. ಇಲ್ಲದಿದ್ದರೆ ಮರಿಗಳೂ ಸಿಗಡಿಗಳೂ ಒಳಗೆ ಹೋಗುತ್ತವೆ.

ತಂತಿ ತೊಟ್ಟಿಯಿಂದ ನೇರವಾಗಿ ಸಾಕೆಟ್ಟಿಗೆ ಹೋಗಬಾರದು. ಸಾಕೆಟ್ಟಿಗಿಂತ ಕೆಳಗೆ ಒಂದು ಜೋಲು ಬಿಟ್ಟು ಮೇಲಕ್ಕೆ ಒಯ್ದರೆ, ತಂತಿಯ ಮೇಲೆ ಇಳಿಯುವ ನೀರು ಜೋಲಿನ ತಳದಲ್ಲೇ ತೊಟ್ಟಿಕ್ಕುತ್ತದೆ. ಆ ಲೈನಿಗೆ ಕರೆಂಟು ಸೋರಿದೊಡನೆ ಲೈನು ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ. ಮೀನಿನ ವಿಷಯ ಆಮೇಲೆ.

ಹರಿವನ್ನು ಮೊದಲ ದಿನ ಮೂರನೇ ಒಂದರಷ್ಟು ಮಾತ್ರ ತೆರೆಯಿರಿ, ನಾಲ್ಕೈದು ದಿನಗಳಲ್ಲಿ ಪೂರ್ತಿ ಮಾಡಿ. ತಗ್ಗಿಸುವ ವಾಲ್ವ್ ಯಾವಾಗಲೂ ಪಂಪಿನ ನಂತರ ಇರಬೇಕು. ಹೀರುವ ಕಡೆ ಬಿಗಿ ಮಾಡಿದರೆ ಪಂಪು ಹಸಿದು ಗರಗರ ಸದ್ದು ಮಾಡುತ್ತದೆ, ಬೇಗ ಸವೆಯುತ್ತದೆ.

ಹಂತ 9: ಮತ್ತೆ ಸಿರಿಂಜ್

ಹರಿವು ಪೂರ್ತಿ ತೆರೆದ ಮರುದಿನ ಹಂತ 1ರ ಪರೀಕ್ಷೆಯನ್ನೇ ಅದೇ ಜಾಗಗಳಲ್ಲಿ ಮಾಡಿ, ಹಳೆಯ ಹಾಳೆಯ ಜೊತೆ ಹೋಲಿಸಿ. ಸೊನ್ನೆ ಉಳಿದಿದ್ದರೆ ಪಂಪು ಬದಲಿಸುವ ಆತುರ ಬೇಡ. ಸ್ಪ್ರೇ ಪೈಪಿನ ಕೋನವನ್ನು ಬೆರಳೆಳೆಯಷ್ಟು ತಿರುಗಿಸಿ ನೋಡಿ. ನಂತರ ಕವಲಿನ ವಾಲ್ವ್. ಕೊನೆಗೆ ತೂತು ಹಿಗ್ಗಿಸುವುದು.

ಹರಿವು ಅತಿಯಾಯಿತು ಎಂಬುದನ್ನು ಮೀನುಗಳೇ ಹೇಳುತ್ತವೆ. ರೆಕ್ಕೆ ಮುದುಡಿಕೊಂಡು ಕಲ್ಲಿನ ಹಿಂದೆ ಗುಂಪಾಗುತ್ತವೆ, ಹಾಕಿದ ಆಹಾರ ಬಾಯಿಗೆ ಸಿಗುವ ಮೊದಲೇ ತೇಲಿಹೋಗುತ್ತದೆ, ಜಲ್ಲಿಯಲ್ಲಿ ಗುಂಡಿ ಬೀಳುತ್ತದೆ. ಹೀಗಾದರೆ ಅಂದೇ ತಗ್ಗಿಸಿ. ಮೀನುಗಳು ಮೇಲೆ ಬಾಯಿ ಬಡಿಯುವುದು ನಿಲ್ಲದಿದ್ದರೆ ಹರಿವನ್ನೊಂದೇ ದೂರಬೇಡಿ; ಮೀನುಗಳ ಸಂಖ್ಯೆ, ಅಮೋನಿಯಾ ಎರಡನ್ನೂ ನೋಡಿ.

ಪೈಪು ಗಾಜಿನ ಹೊರಗೆ ಹೋಗುವುದಾದರೆ

ಕ್ಯಾನಿಸ್ಟರ್ (ತೊಟ್ಟಿಯ ಹೊರಗಿಡುವ ಮುಚ್ಚಿದ ಫಿಲ್ಟರ್ ಡಬ್ಬ) ಅಥವಾ ತೊಟ್ಟಿಯ ಕೆಳಗಿಡುವ ಇನ್ನೊಂದು ಫಿಲ್ಟರ್ ತೊಟ್ಟಿ, ಅಂದರೆ ಸಂಪ್‌ಗೆ ಪೈಪು ಎಳೆಯುವವರಿಗೆ ಮೇಲಿನ ಧೈರ್ಯ ಸಲ್ಲದು. ಹೊರಗಿನ ಪ್ರತಿ ಕೀಲಿಗೂ ಸಾಲ್ವೆಂಟ್ ಸಿಮೆಂಟ್ ಬೇಕು. ಕಿಟಕಿ ತೆರೆದು, ಬೆಂಕಿಯಿಂದ ದೂರ ಕೂತು ಹಚ್ಚಿ. 24 ಗಂಟೆ ಒಣಗಲು ಬಿಟ್ಟು, ಚೆನ್ನಾಗಿ ತೊಳೆದ ಮೇಲೆಯೇ ಮೀನಿನ ನೀರು ಮುಟ್ಟಬೇಕು. ಕೀಲುಗಳ ಕೆಳಗೆ ಹಳೆಯ ದಿನಪತ್ರಿಕೆ ಹಾಸಿ ಒಂದು ರಾತ್ರಿ ಓಡಿಸಿ. ಕಣ್ಣಿಗೆ ಕಾಣದ ಸೋರಿಕೆಯನ್ನು ಕಾಗದದ ಮೇಲಿನ ಕಲೆ ತೋರಿಸುತ್ತದೆ.

ಸಂಪ್ ಇದ್ದರೆ ಕರೆಂಟು ಹೋದಾಗ ನೀರು ಮರಳುವ ಪೈಪಿನಿಂದಲೇ ಸೈಫನ್ ಆಗಿ ತೊಟ್ಟಿ ಕೆಳಕ್ಕೆ ಖಾಲಿಯಾಗತೊಡಗುತ್ತದೆ. ಆ ಪೈಪಿನಲ್ಲಿ, ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ 3 ಮಿ.ಮೀ. ತೂತು ಕೊರೆಯಿರಿ. ಮಟ್ಟ ಅಲ್ಲಿಗೆ ಇಳಿದೊಡನೆ ಗಾಳಿ ನುಗ್ಗಿ ಸೈಫನ್ ಮುರಿಯುತ್ತದೆ. ನೀರನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಇದೆಯೆಂದು ಈ ತೂತನ್ನು ಬಿಡಬೇಡಿ. ಒಂದು ಎಳೆ ಪಾಚಿ ಸಿಕ್ಕಿದರೂ ಚೆಕ್ ವಾಲ್ವ್ ಮುಚ್ಚುವುದಿಲ್ಲ. ನೀವು ಮನೆಯಲ್ಲಿರುವಾಗಲೇ ಸ್ವಿಚ್ ಆರಿಸಿ, ನೀರು ಎಲ್ಲಿ ನಿಲ್ಲುತ್ತದೆ, ಸಂಪ್ ಅದನ್ನೆಲ್ಲ ಹಿಡಿಯುತ್ತದೆಯೇ ಎಂದು ಕಣ್ಣಾರೆ ನೋಡಿ.

ನಂತರದ ನಿಗಾ

ಹೀರುಬಾಯಿಯ ಸ್ಪಂಜನ್ನು ವಾರಕ್ಕೊಮ್ಮೆ ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ಅಲ್ಲ. ಬಿಳಿ ಪೈಪಿನ ಮೇಲೆ ಪಾಚಿ ಹಿಡಿಯುವುದನ್ನು ಉಜ್ಜಲು ಹೋಗಬೇಡಿ, ಹಿಂದಿನ ಗಾಜಿನ ಜೊತೆ ಅದು ಬೆರೆತು ಮರೆಯಾಗುತ್ತದೆ. ತೂತುಗಳನ್ನು ಮಾತ್ರ ತಿಂಗಳಿಗೊಮ್ಮೆ ಹಲ್ಲುಕಡ್ಡಿಯಿಂದ ಬಿಡಿಸಿ. ಗಡಸು ಕೊಳವೆಬಾವಿ ನೀರು ಬಳಸುವ ಮನೆಗಳಲ್ಲಿ ತೂತಿನ ಸುತ್ತ ಬಿಳಿ ಸುಣ್ಣ ಕಟ್ಟುತ್ತದೆ. ಆಗ ಸ್ಪ್ರೇ ಪೈಪನ್ನು ಕಳಚಿ ಅರ್ಧ ಗಂಟೆ ವಿನೆಗರ್‌ನಲ್ಲಿ ಅದ್ದಿಟ್ಟು, ಚೆನ್ನಾಗಿ ತೊಳೆದು ಹಾಕಿ.

ಚಿಮ್ಮು ಎಲ್ಲ ತೂತುಗಳಲ್ಲೂ ಒಟ್ಟಿಗೆ ಕುಗ್ಗಿದರೆ ಸ್ಪಂಜು ಅಥವಾ ಪಂಪಿನ ಇಂಪೆಲ್ಲರ್ (ಒಳಗೆ ತಿರುಗುವ ರೆಕ್ಕೆಚಕ್ರ) ನೋಡಿ. ಕೆಲವು ತೂತುಗಳಲ್ಲಿ ಮಾತ್ರ ಕುಗ್ಗಿದರೆ ಅವೇ ಕಟ್ಟಿವೆ. ಸ್ಪಂಜು ಹಿಂಡಿದ ಮೇಲೂ ಪಂಪು ಗರಗರ ಎನ್ನುತ್ತಿದ್ದರೆ ಪ್ಲಗ್ ಕಿತ್ತು ಇಂಪೆಲ್ಲರನ್ನು ಹೊರಗೆ ತೆಗೆಯಿರಿ. ಅದರ ಬುಡದಲ್ಲಿ ಹೆಚ್ಚಾಗಿ ಸಿಗುವುದು ಒಂದು ಬಸವನಹುಳುವಿನ ಚಿಪ್ಪು ಅಥವಾ ಜಲ್ಲಿಯ ಹರಳು.